‘ನನಗೇನೂ ಆಗಿಲ್ಲ’ ಎಂಬ ಮಾತನ್ನು ನಾನು ನಂಬಲಿಲ್ಲ

ಕಾರು ಅಪಘಾತವಾದ ಮರುಗಳಿಗೆ ಎಲ್ಲರ ಬಾಯಿಂದಲೂ ಬರುವುದು ಒಂದೇ ಮಾತು: ‘ನನಗೇನೂ ಆಗಿಲ್ಲ.’ ನಾನೂ ಅದನ್ನೇ ಅಂದೆ, ಹಿಂದಿನ ಸೀಟಿನಲ್ಲಿದ್ದ ಅಮ್ಮನೂ ಅದನ್ನೇ ಅಂದರು. ನಮಗೆ ಬಂದು ಗುದ್ದಿದ ಚಾಲಕನಂತೂ ಕಾರಿನಿಂದ ಇಳಿಯುವ ಮೊದಲೇ ಯಾರಿಗೂ ಏನೂ ಆಗಿಲ್ಲವೆಂದು ತೀರ್ಪು ಕೊಟ್ಟುಬಿಟ್ಟ. ಬಾಯಿಮಾತಿಗೆ ಅಂದದ್ದೇನೋ ಸರಿ, ಆದರೆ ನಾನು ಅದನ್ನು ನಂಬಲು ಹೋಗಲಿಲ್ಲ. ಆಮೇಲಿನ ವಾರಗಳಲ್ಲಿ ನಾನು ಮಾಡಿದ ಕೆಲಸಗಳೆಲ್ಲ ಆ ಅಪನಂಬಿಕೆಯಿಂದಲೇ ಹುಟ್ಟಿದವು. ಅಂಥ ಹೊತ್ತಿನಲ್ಲಿ ಮೈ ಸುಳ್ಳು ಹೇಳುತ್ತದೆ, ಕಾರು ಸುಳ್ಳು ಹೇಳುತ್ತದೆ, ನೆನಪಂತೂ ಇವೆರಡಕ್ಕಿಂತ ಸಲೀಸಾಗಿ ಸುಳ್ಳು ಹೇಳುತ್ತದೆ.

ನಡೆದದ್ದು ಇಷ್ಟು. ವೇಗದ ರಸ್ತೆಯಲ್ಲಿ ಮುಂದಿನ ವಾಹನಗಳು ನಿಧಾನವಾಗುತ್ತಾ ಬಂದು ನಿಂತವು. ನಾನೂ ನಿಂತೆ. ಹಿಂದಿನ ಕಾರು ನಿಲ್ಲಲಿಲ್ಲ. ಅದು ಗುದ್ದಿದ ರಭಸಕ್ಕೆ ನಮ್ಮ ಕಾರು ಮುಂದಕ್ಕೆ ಜಾರಿ, ಎದುರಿಗೆ ನಿಂತಿದ್ದ ಕಾರಿಗೆ ತಗುಲಿತು. ಮೂರು ಕಾರುಗಳು, ನಡುವೆ ನಾವು. ಸರಣಿ ಅಪಘಾತದಲ್ಲಿ ನಡುವಿನ ಕಾರಿನ ಚಾಲಕನಷ್ಟು ಪೇಚಿಗೆ ಸಿಕ್ಕವನು ಬೇರೊಬ್ಬನಿಲ್ಲ. ಹಿಂದಿನವನು ‘ನೀವು ಮೊದಲೇ ಮುಂದಿನವರಿಗೆ ಗುದ್ದಿಯಾಗಿತ್ತು’ ಎನ್ನಬಹುದು. ಮುಂದಿನವರು ‘ನಮಗೆ ಗುದ್ದಿದ್ದು ನೀವೇ ತಾನೆ’ ಎನ್ನಬಹುದು. ಎರಡೂ ಮಾತು ಮೇಲ್ನೋಟಕ್ಕೆ ನಿಜವೆಂದೇ ಕಾಣುತ್ತವೆ.

ಕೈಬ್ರೇಕ್ ಎಳೆದು, ಎಂಜಿನ್ ಆರಿಸಿ, ಹಜಾರ್ಡ್ ದೀಪ ಹಾಕಿದೆ. ಅದಾದ ಮೇಲೂ ಬಾಗಿಲು ತೆಗೆಯಲಿಲ್ಲ. ಮೊದಲು ಕನ್ನಡಿ ನೋಡಿದೆ. ಅಪಘಾತದ ಸ್ಥಳದಲ್ಲಿ ಜನ ಸಾಯುವುದು ಎಷ್ಟೋ ಸಲ ಮೊದಲ ಡಿಕ್ಕಿಯಿಂದಲ್ಲ, ಆಮೇಲೆ ಬಂದು ಗುದ್ದುವ ಮತ್ತೊಂದು ವಾಹನದಿಂದ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಎದುರಿಗಿರುವುದು ನಿಂತ ವಾಹನ ಎಂದು ಚಾಲಕನ ತಲೆಗೆ ಹೊಳೆದು ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿತು ಎನ್ನೋಣ. ಅಷ್ಟರಲ್ಲೇ 40 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಒತ್ತಿದರೂ ಪೂರ್ತಿ ನಿಲ್ಲಲು ಮತ್ತೆ ಸುಮಾರು ನಲವತ್ತರಿಂದ ಅರವತ್ತು ಮೀಟರ್ ಬೇಕು. ಮಳೆಯಲ್ಲಿ ಇನ್ನೂ ಹೆಚ್ಚು. ಈ ಲೆಕ್ಕ ತಿಳಿದವರು ಗುದ್ದಿಕೊಂಡ ಎರಡು ಕಾರುಗಳ ನಡುವೆ ನಿಂತು ಬಂಪರ್ ಸವರುತ್ತಾ ಜಗಳವಾಡುವುದಿಲ್ಲ.

ಅಮ್ಮನನ್ನು ಇಳಿಸುವುದೋ ಬೇಡವೋ ಎಂಬುದು ನಿಜವಾದ ಸಂದಿಗ್ಧ. ಕುತ್ತಿಗೆಗೆ ಪೆಟ್ಟು ಬಿದ್ದಿರಬಹುದಾದವರನ್ನು ಬಲವಂತವಾಗಿ ಎಳೆದು ಹೊರತೆಗೆಯಬಾರದು. ಬೆಂಕಿ, ಹೊಗೆ ಅಥವಾ ಮತ್ತೊಂದು ವಾಹನ ಗುದ್ದುವ ಭಯವಿದ್ದಾಗ ಮಾತ್ರ ಆ ನಿಯಮ ಸಡಿಲವಾಗುತ್ತದೆ. ಅವರ ಕಡೆ ತಿರುಗಿ, ತಲೆ ಅಲ್ಲಾಡಿಸದೆ ಬರಿಯ ಬಾಯಲ್ಲಿ ಉತ್ತರಿಸುವಂತೆ ಹೇಳಿ ಕೇಳಿದೆ: ಕುತ್ತಿಗೆಯ ಹಿಂಭಾಗದಲ್ಲಿ ನೋವಿದೆಯೇ, ಕೈಕಾಲು ಜೋಮು ಹಿಡಿದಿದೆಯೇ, ಬೆರಳು ಆಡುತ್ತವೆಯೇ, ಹೊಟ್ಟೆ ಎದೆ ನೋಯುತ್ತಿದೆಯೇ? ನೋವಿಲ್ಲ, ಬೆರಳು ಆಡುತ್ತವೆ. ವಾಹನಗಳು ನುಗ್ಗುತ್ತಿದ್ದ ಬದಿಯ ಬಾಗಿಲನ್ನು ಮುಟ್ಟದೆ, ಇನ್ನೊಂದು ಬದಿಯಿಂದ ಅವರು ತಾವಾಗಿಯೇ, ಕುತ್ತಿಗೆ ತಿರುಗಿಸದೆ ನಿಧಾನವಾಗಿ ಇಳಿದರು. ನಾನು ಎಳೆಯಲಿಲ್ಲ, ಎತ್ತಲಿಲ್ಲ, ಬರಿದೇ ಕೈ ಕೊಟ್ಟೆ. ರಸ್ತೆಯಂಚಿನ ತಡೆಬೇಲಿಯ ಆಚೆ ಅವರನ್ನು ಕೂರಿಸಿದೆ. ಈಚೆ ಅಲ್ಲ, ಆಚೆ.

ಎಚ್ಚರಿಕೆಯ ತ್ರಿಕೋನವನ್ನು ಎಷ್ಟು ದೂರದಲ್ಲಿ ಇಡಬೇಕು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮವಿದೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯಂತೂ ಮೋಟಾರ್‌ವೇಗಳಲ್ಲಿ ಅದನ್ನು ಇಡಲೇಬೇಡಿ ಎನ್ನುತ್ತದೆ. ತ್ರಿಕೋನ ಇಡಲು ನಡೆದುಹೋಗುವವನ ಪ್ರಾಣವೇ ಹೋಗುವ ಸಂಭವ ಅಲ್ಲಿ ಹೆಚ್ಚು. ನನಗೆ ತಡೆಬೇಲಿಯ ಆಚೆಯಿಂದಲೇ ನಡೆಯಲು ದಾರಿಯಿತ್ತು, ಹಾಗಾಗಿ ಇಟ್ಟೆ. ದಾರಿ ಇರದಿದ್ದರೆ ಹಜಾರ್ಡ್ ದೀಪದ ಮೇಲೆ ಭಾರ ಹಾಕಿ ಸುಮ್ಮನಿರುತ್ತಿದ್ದೆ.

ತುರ್ತು ಸಂಖ್ಯೆಗೆ ಕರೆ ಮಾಡಿದಾಗ ಮೊದಲು ಹೇಳಬೇಕಾದದ್ದು ಸ್ಥಳ. ಕರೆ ಕಡಿದುಹೋದರೂ ನೆರವು ಬರಬೇಕಲ್ಲ. ಯಾವ ರಸ್ತೆ, ಯಾವ ದಿಕ್ಕಿಗೆ ಹೋಗುವ ಬದಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ. ಆಮೇಲೆ ಎಷ್ಟು ವಾಹನ, ಎಷ್ಟು ಜನ, ಯಾರಾದರೂ ಒಳಗೆ ಸಿಲುಕಿದ್ದಾರೆಯೇ, ಇಂಧನ ಸೋರುತ್ತಿದೆಯೇ. ಅತ್ತಲಿನವರು ಇಡಿ ಎನ್ನುವವರೆಗೆ ಫೋನ್ ಇಡಬಾರದು. ನಮ್ಮಲ್ಲಿ ಯಾರಿಗೂ ರಕ್ತ ಬರುತ್ತಿರಲಿಲ್ಲ. ಬಂದಿದ್ದರೆ ಶುದ್ಧ ಬಟ್ಟೆ ಮಡಿಸಿ ಗಾಯದ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿಯುವುದು ಬಿಟ್ಟು ಬೇರೆ ಯಾವ ಚಾತುರ್ಯವೂ ಬೇಕಿಲ್ಲ. ಸುತ್ತ ಸೇರಿದವರಲ್ಲಿ ಒಬ್ಬರು ಅಮ್ಮನಿಗೆ ನೀರು ಕುಡಿಸಲು ಬಾಟಲಿ ಚಾಚಿದರು. ಬೇಡವೆಂದು ಕೈಮುಗಿದೆ. ಒಳಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾದರೆ ಖಾಲಿ ಹೊಟ್ಟೆಯೇ ಒಳ್ಳೆಯದು. ಪ್ರಜ್ಞೆ ತಪ್ಪಿದರೆ ಕುಡಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಬ್ಬರಿಗೆ ನಮ್ಮ ಏರ್‌ಬ್ಯಾಗ್ ಏಕೆ ಬಿಚ್ಚಿಕೊಳ್ಳಲಿಲ್ಲ ಎಂಬ ಚಿಂತೆ. ಮುಂದಿನ ಏರ್‌ಬ್ಯಾಗ್ ಇರುವುದು ಮುಂದಿನಿಂದ ಬೀಳುವ ಬಲವಾದ ಹೊಡೆತಕ್ಕೆ. ಹಿಂದಿನಿಂದ ಗುದ್ದಿದಾಗ ಮೈ ಸೀಟಿನ ಕಡೆಗೆ ಒತ್ತಿಹೋಗುತ್ತದೆ, ಏರ್‌ಬ್ಯಾಗಿನ ಕಡೆಗಲ್ಲ. ಇದನ್ನು ಅವರಿಗೆ ವಿವರಿಸುತ್ತಾ ನಿಂತಿದ್ದೆನೆಂದರೆ ನನ್ನ ಚಿತ್ತ ಆಗ ಎಷ್ಟು ಸ್ತಿಮಿತದಲ್ಲಿತ್ತೋ ನೋಡಿ.

ಇನ್ನು ಸಾಕ್ಷ್ಯದ ಮಾತು. ಕಾರುಗಳನ್ನು ಸರಿಸುವ ಮೊದಲು ಸಿಗುವ ಕೆಲವೇ ನಿಮಿಷಗಳು ಆಮೇಲೆ ಎಷ್ಟು ಖರ್ಚು ಮಾಡಿದರೂ ಸಿಗುವುದಿಲ್ಲ. ಜನ ಮಾಡುವುದೇನೆಂದರೆ, ಒಡೆದ ಬಂಪರಿನ ಹತ್ತಿರ ಮೊಬೈಲ್ ಹಿಡಿದು ಹತ್ತಾರು ಚಿತ್ರ ತೆಗೆಯುತ್ತಾರೆ. ಅವು ಯಾವ ಊರಿನ ಯಾವ ಬಂಪರೋ ದೇವರಿಗೇ ಗೊತ್ತು. ನಾನು ದೂರದಿಂದ ಶುರು ಮಾಡಿದೆ. ಮೂರೂ ಕಾರು, ರಸ್ತೆಯ ಪಟ್ಟೆಗಳು, ಹತ್ತಿರದ ಫಲಕ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಸುರಕ್ಷಿತವಾದ ಬದಿಯಿಂದ ಬೇರೆ ಬೇರೆ ಕೋನಗಳಲ್ಲಿ ತೆಗೆದೆ. ಆಮೇಲೆ ಕಾರುಗಳ ನಡುವಿನ ಅಂತರ, ಚಕ್ರಗಳು ತಿರುಗಿರುವ ದಿಕ್ಕು, ಟೈರ್ ಉಜ್ಜಿದ ಗುರುತು, ಗಾಜಿನ ಚೂರು ಬಿದ್ದ ಜಾಗ, ಸೋರಿದ ದ್ರವದ ಜಾಡು. ಡಿಕ್ಕಿ ನಡೆದ ಜಾಗವನ್ನು ಕಾರಿಗಿಂತ ಕೆಳಗೆ ಉದುರಿದ ಮಣ್ಣು, ಗಾಜುಗಳೇ ಚೆನ್ನಾಗಿ ಹೇಳುತ್ತವೆ, ಏಕೆಂದರೆ ಕಾರು ಗುದ್ದಿದ ಮೇಲೂ ಚಲಿಸಿರುತ್ತದೆ. ಕೊನೆಯಲ್ಲಿ ನಂಬರ್ ಪ್ಲೇಟುಗಳು, ಲೈಸೆನ್ಸ್, ವಿಮೆಯ ಕಾಗದ. ಇದೆಲ್ಲ ಮುಗಿದ ಮೇಲೆ ಒಂದು ವಿಡಿಯೊ. ಅದರಲ್ಲಿ ಹೊತ್ತು, ಬೆಳಕು, ರಸ್ತೆ ಒಣಗಿದೆಯೋ ಒದ್ದೆಯೋ ಎಂಬುದನ್ನು ನನ್ನ ದನಿಯಲ್ಲೇ ಹೇಳಿದೆ. ‘ತಪ್ಪು ಅವನದೇ’ ಎಂದು ಅದರಲ್ಲಿ ಎಲ್ಲೂ ಹೇಳಲಿಲ್ಲ.

ಈ ಚಿತ್ರಗಳ ಮೂಲ ಕಡತಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಕುಗ್ಗುತ್ತದೆ, ಅದರೊಳಗಿನ ಸಮಯ ಸ್ಥಳಗಳ ಮಾಹಿತಿಯೂ ಉದುರಿಹೋಗುತ್ತದೆ. ಡ್ಯಾಶ್‌ಕ್ಯಾಮ್ ಇದ್ದವರು ಅದರ ಕಾರ್ಡನ್ನು ಆಗಲೇ ತೆಗೆದಿಡುವುದು ಒಳ್ಳೆಯದು. ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುವ ಯಂತ್ರ. ಅಕ್ಕಪಕ್ಕದ ಕಟ್ಟಡಗಳ ಸಿಸಿಟಿವಿಯೂ ಅಷ್ಟೇ. ಇವತ್ತು ಕೇಳಿದರೆ ಸಿಗುವುದು, ಮುಂದಿನ ತಿಂಗಳು ಕೇಳಿದರೆ ಅಳಿಸಿಹೋಗಿರುತ್ತದೆ.

ನಡುವಿನ ಕಾರಿನ ಪೇಚಾಟಕ್ಕೆ ಮದ್ದು ಒಂದೇ ಪ್ರಶ್ನೆಯಲ್ಲಿದೆ. ಅದನ್ನು ಮುಂದಿನ ಕಾರಿನವರನ್ನು ಕೇಳಬೇಕು: ‘ನಿಮಗೆ ಎಷ್ಟು ಸಲ ಗುದ್ದಿದಂತಾಯಿತು?’ ನಾನೇ ಮೊದಲು ಅವರಿಗೆ ಗುದ್ದಿ, ಆಮೇಲೆ ಹಿಂದಿನವನು ನನಗೆ ಗುದ್ದಿದ್ದರೆ ಅವರಿಗೆ ಎರಡು ಪೆಟ್ಟು ತಿಳಿದಿರಬೇಕು. ನಿಂತಿದ್ದ ನನ್ನನ್ನು ಹಿಂದಿನವನು ತಳ್ಳಿದ್ದರೆ ಸಾಮಾನ್ಯವಾಗಿ ಒಂದೇ. ಮುಂದಿನ ಕಾರು ಓಡಿಸುತ್ತಿದ್ದ ಮಹಿಳೆ ಸಿಟ್ಟಿನಲ್ಲಿದ್ದರು, ನ್ಯಾಯವಾದ ಸಿಟ್ಟೇ. ಅವರಿಗೆ ಕಂಡದ್ದು ನನ್ನ ಕಾರು ಮಾತ್ರ. ಸ್ವಲ್ಪ ಹೊತ್ತು ಬಿಟ್ಟು, ನಿಮಗೆಲ್ಲಾದರೂ ನೋವಿದೆಯೇ ಎಂದು ವಿಚಾರಿಸಿ, ಆಮೇಲೆ ಇದನ್ನು ಕೇಳಿದೆ. ಎಷ್ಟು ಎಂಬುದನ್ನು ನಾನು ಹೇಳಿಕೊಡಲಿಲ್ಲ. ಅವರು ಕಣ್ಣು ಕಿರಿದಾಗಿಸಿ ಯೋಚಿಸಿ, ‘ಒಂದೇ. ಹಿಂದೆ ಎಲ್ಲೋ ದೊಡ್ಡ ಸದ್ದಾಯಿತು, ಅದರ ಬೆನ್ನಿಗೇ ನನಗೆ ತಾಗಿತು’ ಎಂದರು. ಇದನ್ನೇ ಪೊಲೀಸರಿಗೂ ಹೇಳಿ ಎಂದು ಕೇಳಿಕೊಂಡೆ, ಹೇಳಿದರು. ವಿಮೆಯವರ ಮುಂದೆ ನನ್ನ ಪರವಾಗಿ ನಿಂತದ್ದು ಬಹುಮಟ್ಟಿಗೆ ಆ ಒಂದು ವಾಕ್ಯವೇ.

ಹಿಂದಿನ ಕಾರಿನವನು ಇಳಿದವನೇ ‘ನಿಮ್ಮ ಬ್ರೇಕ್ ದೀಪ ಉರಿಯುತ್ತಲೇ ಇರಲಿಲ್ಲ’ ಎಂದು ಶುರು ಮಾಡಿದ. ನಾನು ವಾದಕ್ಕೆ ಇಳಿಯಲಿಲ್ಲ, ಒಡೆದ ಹಿಂದೀಪದ ಚೂರುಗಳನ್ನು ಒಂದು ಚೀಲದಲ್ಲಿ ಹಾಕಿಟ್ಟುಕೊಂಡೆ. ನಮ್ಮದು ಹಳೆಯ ಬಗೆಯ, ತಂತಿ ಸುರುಳಿಯ ಬಲ್ಬು. ಬಲ್ಬು ಉರಿಯುತ್ತಿರುವಾಗ ಆ ಟಂಗ್‌ಸ್ಟನ್ ತಂತಿ ಕಾದು ಮೆತ್ತಗಾಗಿರುತ್ತದೆ, ಹೊಡೆತ ಬಿದ್ದರೆ ಹಿಗ್ಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಆರಿದ್ದ ಬಲ್ಬಿನ ತಣ್ಣನೆಯ ತಂತಿ ಹಾಗೆ ಹಿಗ್ಗುವುದಿಲ್ಲ, ಇದ್ದಂತೆಯೇ ಉಳಿಯುತ್ತದೆ ಇಲ್ಲವೇ ಪಟಕ್ಕನೆ ಮುರಿಯುತ್ತದೆ. ಉರಿಯುತ್ತಿದ್ದಾಗಲೇ ಗಾಜು ಒಡೆದರೆ ಗಾಳಿ ತಗುಲಿ ತಂತಿಯ ಮೇಲೆ ಬಿಳಿಯ ಇಲ್ಲವೇ ಹಳದಿ ಬೂದಿ ಕೂರುತ್ತದೆ. ಅಪಘಾತ ಪರಿಶೀಲಿಸುವವರು ದೀಪ ಉರಿಯುತ್ತಿತ್ತೋ ಇಲ್ಲವೋ ಎಂದು ಹೇಳುವುದು ಇಂಥ ಗುರುತುಗಳಿಂದ. ನನ್ನ ಬಲ್ಬಿನ ಗಾಜು ಉಳಿದಿತ್ತು; ಒಳಗಿನ ಸುರುಳಿ ಸೊಟ್ಟಗೆ ಜೋತುಬಿದ್ದು ಒಂದು ಕಡೆ ಬಿಚ್ಚಿಕೊಂಡಿತ್ತು. ಎಲ್‌ಇಡಿ ದೀಪಗಳಲ್ಲಿ ಈ ಜಾಣತನ ನಡೆಯುವುದಿಲ್ಲ. ಆದರೆ ಹೊಸ ಕಾರುಗಳಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಅಡಗಿರುತ್ತದೆ. ಡಿಕ್ಕಿಗೆ ಮುಂಚಿನ ಸೆಕೆಂಡುಗಳ ವೇಗ, ಬ್ರೇಕ್, ಸೀಟ್‌ಬೆಲ್ಟ್ ವಿವರ ದಾಖಲಿಸುವ ಸಾಧನವನ್ನು ಐರೋಪ್ಯ ಒಕ್ಕೂಟ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದೆ. ತಕರಾರು ಇರುವ ಕಾರನ್ನು ಗುಜರಿಗೆ ಕಳಿಸುವ ಮೊದಲು ಅದರಲ್ಲಿ ಈ ಸಾಧನ ಇದೆಯೇ ಎಂದು ವಿಚಾರಿಸುವುದು ಲೇಸು.

ಕ್ಷಮೆ ಕೇಳುವ ವಿಚಾರದಲ್ಲಿ ವಕೀಲರ ಬುದ್ಧಿಮಾತು ನನಗೆ ಅರ್ಧ ಮಾತ್ರ ಹಿಡಿಸುತ್ತದೆ. ‘ಏನನ್ನೂ ಮಾತಾಡಬೇಡಿ’ ಎನ್ನುತ್ತಾರೆ. ಪೆಟ್ಟು ತಿಂದವರ ಎದುರು ತುಟಿ ಬಿಗಿದು ನಿಲ್ಲುವುದು ಮನುಷ್ಯತ್ವವಲ್ಲ. ನೋವಿದೆಯೇ, ಯಾರಿಗಾದರೂ ಫೋನ್ ಮಾಡಬೇಕೇ ಎಂದು ಕೇಳಿದ್ದರಿಂದ ಯಾರ ಹೊಣೆಯೂ ನನ್ನ ಹೆಗಲಿಗೆ ಬರುವುದಿಲ್ಲ. ಆಡಬಾರದ ಮಾತುಗಳು ಬೇರೆ ಇವೆ: ‘ತಪ್ಪು ನನ್ನದೇ’, ‘ಪೊಲೀಸ್ ಗಿಲೀಸ್ ಬೇಡ, ನಮ್ಮಲ್ಲೇ ಮುಗಿಸೋಣ’, ‘ನಾನು ಇಂತಿಷ್ಟು ವೇಗದಲ್ಲಿದ್ದೆ ಅನ್ನಿಸುತ್ತದೆ’. ಹಿಂದಿನವನು ಸ್ಥಳದಲ್ಲೇ ಒಂದಿಷ್ಟು ಹಣ ಕೊಟ್ಟು ಮುಗಿಸುವ ಪ್ರಸ್ತಾಪ ಇಟ್ಟ. ಕಾರಿನ ಹೊರಮೈ ನೋಡಿದರೆ ಅದು ಧಾರಾಳವೆಂದೇ ಕಾಣುತ್ತಿತ್ತು. ನಾನು ಒಪ್ಪಲಿಲ್ಲ, ಕಾರಣ ಮುಂದೆ ಬರುತ್ತದೆ. ಇನ್ನು ಸ್ಥಳ ಬಿಟ್ಟು ಹೋಗುವ ಮಾತಂತೂ ಇಲ್ಲವೇ ಇಲ್ಲ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 31ನೆಯ ವಿಧಿಯೇ ಅಪಘಾತದಲ್ಲಿ ಸಿಲುಕಿದವರು ನಿಲ್ಲಬೇಕು, ಕೇಳಿದವರಿಗೆ ಗುರುತು ಹೇಳಬೇಕು, ಯಾರಾದರೂ ಗಾಯಗೊಂಡಿದ್ದರೆ ಅಥವಾ ಸತ್ತಿದ್ದರೆ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ. ಬಹುತೇಕ ದೇಶಗಳ ಕಾನೂನಿನ ಹುರುಳೂ ಇದೇ.

ಆ ರಾತ್ರಿ ಮಲಗುವ ಮೊದಲು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದೆ. ಯಾರೊಡನೆಯೂ ಚರ್ಚಿಸುವ ಮೊದಲೇ, ತೆಗೆದ ಚಿತ್ರಗಳನ್ನೂ ನೋಡದೆ. ಯಾವ ಪಥದಲ್ಲಿದ್ದೆ, ಮುಂದಿನ ಕಾರಿಗೂ ನನಗೂ ಎಷ್ಟು ಅಂತರವಿತ್ತು, ನಿಂತು ಎಷ್ಟು ಹೊತ್ತಾಗಿತ್ತು, ಮೊದಲು ಕೇಳಿದ ಸದ್ದು ಯಾವುದು. ತಿಳಿಯದ ಕಡೆ ‘ತಿಳಿಯದು’ ಎಂದೇ ಬರೆದೆ. ಹೀಗೆ ಅವಸರಪಡಲು ಕಾರಣವಿದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಕಾರು ಅಪಘಾತದ ಚಿತ್ರತುಣುಕು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೇಳಿಸಿಕೊಂಡವರ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ, ಒಂದಕ್ಕೊಂದು ‘ತಾಗಿದಾಗ’ ಎಂದು ಕೇಳಿಸಿಕೊಂಡವರದು ಸುಮಾರು 32 ಮೈಲಿ. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತೇ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ‘ಅಪ್ಪಳಿಸಿದ’ ಗುಂಪಿನ 50 ಜನರಲ್ಲಿ 16 ಮಂದಿ ಕಂಡಿತು ಎಂದರು, ‘ಗುದ್ದಿದ’ ಗುಂಪಿನ 50ರಲ್ಲಿ 7 ಮಂದಿ. ಪೊಲೀಸರು, ವಿಮೆಯವರು, ನೆಂಟರು, ಒಬ್ಬೊಬ್ಬರೂ ಒಂದೊಂದು ಮಾತಿನಲ್ಲಿ ಕೇಳುತ್ತಾ ಹೋದರೆ ತಿಂಗಳ ಕೊನೆಗೆ ನನ್ನ ತಲೆಯಲ್ಲಿ ಉಳಿಯುವುದು ನನ್ನ ಅಪಘಾತವಲ್ಲ, ಅವರೆಲ್ಲ ಸೇರಿ ಕಟ್ಟಿಕೊಟ್ಟದ್ದು. ಆಮೇಲೆ ಯಾರು ಕೇಳಿದರೂ ಆ ಹಾಳೆಯನ್ನು ನೋಡಿಕೊಂಡೇ ಉತ್ತರಿಸಿದೆ.

ಈಗ ಮೈಯ ಸುಳ್ಳಿಗೆ ಬರುತ್ತೇನೆ. ಅಪಘಾತದ ಹೊತ್ತಿನಲ್ಲಿ ಉಕ್ಕುವ ಅಡ್ರಿನಲಿನ್ ನೋವನ್ನು ಮುಚ್ಚಿಡುತ್ತದೆ. ಅಮ್ಮ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು. ಹಣೆಯ ಬದಿ ಕಿಟಕಿಗೆ ತಾಗಿದ್ದು ಅವರಿಗೆ ನೆನಪಿತ್ತು, ಆದರೆ ಊತವೂ ಇರಲಿಲ್ಲ, ಕೆಂಪೂ ಇರಲಿಲ್ಲ. ‘ಮನೆಗೆ ಹೋಗಿ ಮಲಗಿದರೆ ಸರಿಹೋಗುತ್ತದೆ’ ಎಂಬುದು ಅವರ ವೈದ್ಯಶಾಸ್ತ್ರ. ನೇರ ಆಸ್ಪತ್ರೆಗೆ ಕರೆದೊಯ್ದೆ. ಆ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಸಣ್ಣ ಪೆಟ್ಟಾದರೂ ಒಳಗೆ ರಕ್ತ ಒಸರಬಹುದು. ವಯಸ್ಸಾದವರಲ್ಲಿ ಹಾಗೆ ನಿಧಾನವಾಗಿ ಶೇಖರವಾಗುವ ರಕ್ತ ದಿನಗಳು, ಒಮ್ಮೊಮ್ಮೆ ವಾರಗಳು ಕಳೆದ ಮೇಲೆ ತೊಂದರೆ ಕೊಡುವುದುಂಟು. ಯಾವ ಮಾತ್ರೆ, ಕೊನೆಯ ಬಾರಿ ಯಾವಾಗ ತೆಗೆದುಕೊಂಡದ್ದು ಎಂಬುದನ್ನು ವೈದ್ಯರಿಗೆ ಮೊದಲ ಮಾತಿಗೇ ಹೇಳಿದೆ. ಸಿ.ಟಿ. ಸ್ಕ್ಯಾನ್ ಮಾಡಿದರು, ಕೆಲವು ಗಂಟೆ ಅಲ್ಲೇ ಇರಿಸಿಕೊಂಡು ನೋಡಿದರು. ಏನೂ ಇರಲಿಲ್ಲ. ‘ನಾನು ಆಗಲೇ ಹೇಳಲಿಲ್ಲವೇ’ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಮನೆಗೆ ಕಳಿಸುವಾಗ ಕಾಯಬೇಕಾದ ಲಕ್ಷಣಗಳನ್ನು ಬರೆದುಕೊಟ್ಟರು: ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕೈಕಾಲಿನ ಬಲ ಕುಗ್ಗುವುದು. ಇದಕ್ಕೆ ನಾನು ಒಂದನ್ನು ಸೇರಿಸುತ್ತೇನೆ. ಸೀಟ್‌ಬೆಲ್ಟ್ ಒತ್ತಿದ ಜಾಗದಲ್ಲಿ, ಅದರಲ್ಲೂ ಹೊಟ್ಟೆಗೆ ಅಡ್ಡಲಾಗಿ, ಕಂದುಗಟ್ಟಿದ ಪಟ್ಟೆ ಕಂಡರೆ ಅದನ್ನು ಬರಿಯ ತರಚು ಎಂದು ಬಿಡಬಾರದು. ಕರುಳಿಗೆ ಪೆಟ್ಟಾಗಿರುವ ಸಂಶಯಕ್ಕೆ ವೈದ್ಯರು ಅದನ್ನು ಸುಳಿವಾಗಿ ನೋಡುತ್ತಾರೆ. ಬೆಲ್ಟ್ ಹಾಕಿದ್ದೇ ತಪ್ಪಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಇಲ್ಲದಿದ್ದರೆ ಪಟ್ಟೆ ಮೂಡಲು ಹೊಟ್ಟೆಯೇ ಉಳಿದಿರುವುದಿಲ್ಲ. ಗರ್ಭಿಣಿಯರಂತೂ ಎಲ್ಲೂ ನೋವಿಲ್ಲದಿದ್ದರೂ ಅದೇ ದಿನ ತೋರಿಸಿಕೊಳ್ಳಬೇಕು.

ನನ್ನ ಕುತ್ತಿಗೆ ಮಾತ್ರ ಮರುದಿನ ಬೆಳಿಗ್ಗೆ ತನ್ನ ವರದಿ ಸಲ್ಲಿಸಿತು. ಹಾಸಿಗೆಯಿಂದ ಏಳಲು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಬೇಕಾಯಿತು. ಹಿಂದಿನಿಂದ ಗುದ್ದಿದಾಗ ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಇದ್ದಲ್ಲೇ ಹಿಂದುಳಿಯುತ್ತದೆ. ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಕುತ್ತಿಗೆಯ ಕೆಳಭಾಗ ಒಂದು ಕಡೆಗೂ ಮೇಲ್ಭಾಗ ಇನ್ನೊಂದು ಕಡೆಗೂ ಬಾಗುತ್ತದೆ. ವೈದ್ಯರು ವಿಪ್‌ಲ್ಯಾಶ್ ಎಂದರು. ನೋವು ಗಂಟೆಗಳ ನಂತರ, ಮರುದಿನ ತಲೆದೋರುವುದು ಇದರ ಸಾಮಾನ್ಯ ರೀತಿ. ಕಾಲರ್ ಹಾಕಿಕೊಂಡು ತಿಂಗಳುಗಟ್ಟಲೆ ಅಲುಗಾಡದೆ ಕೂರುವುದು ಹಳೆಯ ಪದ್ಧತಿ. ಕೆನಡಾದ ಕ್ಯೂಬೆಕ್ ತಜ್ಞರ ತಂಡ 1995ರಲ್ಲಿ ಈ ಗಾಯವನ್ನು ದರ್ಜೆಗಳಾಗಿ ವಿಂಗಡಿಸಿ, ಮೂಳೆ ಮುರಿಯದ ಸಾಮಾನ್ಯ ಪೆಟ್ಟಿಗೆ ಬೇಗ ಚಲನೆ ಆರಂಭಿಸುವುದೇ ಮೇಲು ಎಂದಿತು. ನನಗೂ ಅದನ್ನೇ ಹೇಳಿದರು: ನೋವು ತಡೆಯುವಷ್ಟರ ಮಟ್ಟಿಗೆ ತಿರುಗಿಸಿ, ದಿನದ ಕೆಲಸ ನಿಲ್ಲಿಸಬೇಡಿ, ಕೈಗೆ ಜೋಮು ಇಳಿದರೆ ತಕ್ಷಣ ಬನ್ನಿ. ನೋವು ಎಲ್ಲಿ, ಎಷ್ಟು, ಯಾವ ಕೆಲಸಕ್ಕೆ ಅಡ್ಡಿ ಎಂದು ಎರಡೆರಡು ಸಾಲು ಪ್ರತಿದಿನ ಬರೆದಿಟ್ಟೆ. ವೈದ್ಯರಿಗೂ ಅದು ಬೇಕಾಯಿತು, ವಿಮೆಯವರಿಗೂ ಬೇಕಾಯಿತು.

ಕಾರಿನ ಸುಳ್ಳು ಇದಕ್ಕಿಂತ ಸ್ವಾರಸ್ಯವಾದದ್ದು. ಹಿಂದಿನ ಬಂಪರಿನ ಮೇಲೆ ಒಂದು ಗೀರು, ಒಡೆದ ದೀಪ, ಅಷ್ಟೇ ಕಾಣುತ್ತಿತ್ತು. ಬಂಪರ್ ಎಂದು ನಾವು ಕರೆಯುವುದು ಬರಿಯ ಪ್ಲಾಸ್ಟಿಕ್ ಹೊದಿಕೆ. ಅದು ಒಳಕ್ಕೆ ಮಡಚಿ, ಒತ್ತಿದ ರಬ್ಬರ್ ಚೆಂಡಿನಂತೆ ಮತ್ತೆ ಉಬ್ಬಿ ನಿಲ್ಲುತ್ತದೆ. ನಿಜವಾದ ಹೊಡೆತ ತಿನ್ನುವುದು ಅದರ ಹಿಂದಿರುವ ಲೋಹದ ತೊಲೆ. ಗ್ಯಾರೇಜಿನವರು ಹೊದಿಕೆ ಕಳಚಿದಾಗ ತೊಲೆ ನಡುವಿನಲ್ಲಿ ಒಳಕ್ಕೆ ಬಾಗಿತ್ತು. ಸ್ಟೆಪ್ನಿ ಎತ್ತಿ ಅದರ ಕೆಳಗಿನ ಹಾಸು ಸರಿಸಿದರೆ, ತಳದ ತಗಡಿನಲ್ಲಿ ಮೂರು ನಾಲ್ಕು ನಿರಿಗೆ. ಹಿಂಬಾಗಿಲಿನ ಸಂದು ಒಂದು ಬದಿಯಲ್ಲಿ ಕಿರುಬೆರಳು ಹೋಗುವಷ್ಟು, ಇನ್ನೊಂದು ಬದಿಯಲ್ಲಿ ಉಗುರು ಮಾತ್ರ ಹೋಗುವಷ್ಟು. ಸ್ಥಳದಲ್ಲೇ ಹಣ ತೆಗೆದುಕೊಂಡಿದ್ದರೆ ಅದು ಈ ತೊಲೆಗೂ ಸಾಲುತ್ತಿರಲಿಲ್ಲ.

ಇಲ್ಲಿ ಒಂದು ಕ್ರಮವಿದೆ, ಅದನ್ನು ತಪ್ಪಿಸಬಾರದು. ವಿಮಾ ಕಂಪನಿಯ ಸರ್ವೇಯರ್ ನೋಡುವ ಮೊದಲು ಗ್ಯಾರೇಜಿನವರು ಏನನ್ನೂ ಬಿಚ್ಚಕೂಡದು. ಅವರು ನೋಡಿ ಬರೆದುಕೊಂಡ ಮೇಲೆ ಬಿಚ್ಚಬೇಕು, ಬಿಚ್ಚಿದಾಗ ಒಳಗೆ ಹೊಸ ಹಾನಿ ಕಂಡರೆ ಕೆಲಸ ನಿಲ್ಲಿಸಿ ಅವರನ್ನು ಮತ್ತೆ ಕರೆಸಬೇಕು. ಸರ್ವೇಯರ್ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲ ಪಟ್ಟಿಯಲ್ಲಿ ಮುಂಭಾಗದ ಹಾನಿ ಸೇರಿರಲಿಲ್ಲ, ಕೇಳಿ ಸೇರಿಸಿಕೊಂಡೆ. ಬೆಲ್ಟುಗಳನ್ನೂ ಪರೀಕ್ಷಿಸಲು ಕೇಳಿದೆ. ಡಿಕ್ಕಿಯಲ್ಲಿ ಭಾರ ಹೊತ್ತ ಬೆಲ್ಟನ್ನು, ಡಿಕ್ಕಿಯ ಕ್ಷಣದಲ್ಲಿ ಬೆಲ್ಟ್ ಬಿಗಿಯಲು ಸಿಡಿದ ಪ್ರಿಟೆನ್ಷನರ್ ಎಂಬ ಸಾಧನವನ್ನು ಬದಲಿಸಲೇಬೇಕು, ಅವು ಎರಡನೆಯ ಸಲ ಕೆಲಸಕ್ಕೆ ಬರುವಂಥವಲ್ಲ. ಹಿಂದಿನ ಸೀಟಿನಲ್ಲಿ ಕಟ್ಟಿದ್ದ ಮಗುವಿನ ಸೀಟು ಆಗ ಖಾಲಿಯಿತ್ತು, ನೋಡಲು ಹೊಸದರಂತೆಯೇ ಇತ್ತು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಅಳತೆಗೋಲು ಹೀಗಿದೆ: ಕಾರನ್ನು ಸ್ಥಳದಿಂದ ಓಡಿಸಿಕೊಂಡು ಹೋಗುವಂತಿರಬೇಕು, ಮಗುವಿನ ಸೀಟಿಗೆ ಹತ್ತಿರದ ಬಾಗಿಲಿಗೆ ಹಾನಿಯಾಗಿರಬಾರದು, ಯಾರಿಗೂ ಗಾಯವಾಗಿರಬಾರದು, ಏರ್‌ಬ್ಯಾಗ್ ಬಿಚ್ಚಿರಬಾರದು, ಸೀಟಿನಲ್ಲಿ ಕಣ್ಣಿಗೆ ಕಾಣುವ ಹಾನಿ ಇರಬಾರದು. ಐದೂ ಕೂಡಿಬಂದರೆ ಮಾತ್ರ ಅದನ್ನು ಸಣ್ಣ ಅಪಘಾತ ಎನ್ನಬಹುದು, ಸೀಟನ್ನು ಉಳಿಸಿಕೊಳ್ಳಬಹುದು. ನನ್ನ ಕುತ್ತಿಗೆಯೊಂದೇ ಸಾಕಾಯಿತು. ಸೀಟು ಬದಲಿಸಿದೆ, ಅದರ ಬಿಲ್ಲನ್ನೂ ಕ್ಲೇಮಿನಲ್ಲಿ ಸೇರಿಸಿದೆ. ಹಳೆಯದರ ಪಟ್ಟಿಗಳನ್ನು ಕತ್ತರಿಸಿಯೇ ಎಸೆದೆ, ಯಾರೋ ಹೆಕ್ಕಿಕೊಂಡು ಹೋಗಿ ಮಗುವನ್ನು ಕೂರಿಸಬಾರದಲ್ಲ.

ವಿಮೆಯವರ ಜೊತೆಗಿನ ವ್ಯವಹಾರ ಬೇಸರದ್ದು, ಚುಟುಕಾಗಿ ಹೇಳಿಬಿಡುತ್ತೇನೆ. ತಪ್ಪು ಯಾರದ್ದಾದರೂ ನನ್ನ ಕಂಪನಿಗೆ ಕೂಡಲೇ ತಿಳಿಸಿದೆ. ತಡವಾಗಿ ತಿಳಿಸುವುದು ಕ್ಲೇಮ್ ತಿರಸ್ಕರಿಸಲು ಅವರಿಗೆ ನಾವೇ ಒದಗಿಸುವ ನೆಪ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಇಮೇಲಿನಲ್ಲಿ ‘ಇಂದು ನೀವು ಹೀಗೆ ತಿಳಿಸಿದ್ದೀರಿ’ ಎಂದು ಕಳಿಸಿದೆ. ಈ ಒಂದು ಅಭ್ಯಾಸಕ್ಕೆ ಸಿಕ್ಕ ಫಲ ಬೇರಾವುದಕ್ಕೂ ಸಿಗಲಿಲ್ಲ. ಎದುರಾಳಿಯ ಕಂಪನಿಯವರು ಫೋನ್ ಮಾಡಿ ಹೇಳಿಕೆಯನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದಾಗ ಬರಹದಲ್ಲಿ ಕೇಳಿ, ಬರಹದಲ್ಲೇ ಕೊಡುತ್ತೇನೆ ಎಂದೆ. ಸಾಮಾಜಿಕ ಜಾಲತಾಣದಲ್ಲಿ ಒಂದು ಸಾಲನ್ನೂ ಹಾಕಲಿಲ್ಲ. ಕುತ್ತಿಗೆ ನೋವೆಂದು ಕ್ಲೇಮ್ ಹಾಕಿದವನು ಮದುವೆಮನೆಯಲ್ಲಿ ನಗುತ್ತಾ ನಿಂತ ಚಿತ್ರವೂ ಎದುರಾಳಿಗೆ ಸಾಕ್ಷ್ಯವಾಗಬಲ್ಲದು.

ಮನಸ್ಸಿನ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಹಿಂಬದಿಯ ಕನ್ನಡಿಯ ಗೀಳು ಹತ್ತಿತು. ಎಲ್ಲಾದರೂ ನಿಂತೆನೆಂದರೆ ಕಣ್ಣು ಅಲ್ಲೇ; ಹಿಂದಿನ ವಾಹನ ನಿಲ್ಲುವವರೆಗೆ ಉಸಿರು ಬಿಡುತ್ತಿರಲಿಲ್ಲ. ಟೈರು ಕಿರುಗುಟ್ಟಿದರೆ ಭುಜ ತಾನಾಗಿ ಮೇಲೇರುತ್ತಿತ್ತು. ಮೊದಲ ಕೆಲವು ವಾರ ಹೀಗಾಗುವುದು ಸಹಜ. ಒಂದು ತಿಂಗಳು ಮೀರಿಯೂ ಕೆಟ್ಟ ಕನಸು, ಕಾರು ಹತ್ತಲಾಗದ ಭಯ, ಕೆಲಸಕ್ಕೇ ಅಡ್ಡಿಯಾಗುವಷ್ಟು ಬೆಚ್ಚುವಿಕೆ ಉಳಿದರೆ ವೈದ್ಯರ ಬಳಿ ಹೋಗಬೇಕು. ಅದು ಹೇಡಿತನವಲ್ಲ, ಚಿಕಿತ್ಸೆ ಇರುವ ಕಾಯಿಲೆ. ನಾನು ಖಾಲಿ ರಸ್ತೆಯಲ್ಲಿ, ಹಗಲಿನಲ್ಲಿ, ಸಣ್ಣ ದೂರಕ್ಕೆ ಕಾರು ಓಡಿಸುತ್ತಾ ಮತ್ತೆ ರೂಢಿ ಮಾಡಿಕೊಂಡೆ. ಗೀಳು ಕರಗಿತು. ಸೀಟಿನ ತಲೆಯಾನಿಕೆಯನ್ನು (ಹೆಡ್‌ರೆಸ್ಟ್) ನೆತ್ತಿಯ ಮಟ್ಟಕ್ಕೆ ಎತ್ತಿ, ತಲೆಗೆ ಆದಷ್ಟು ಹತ್ತಿರ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಉಳಿಯಿತು. ಪಕ್ಕದಲ್ಲಿ ಕೂತವರದನ್ನೂ ನಾನೇ ಸರಿಪಡಿಸುತ್ತೇನೆ, ಅವರು ಗೊಣಗಿದರೂ.

ಕಾರು ರಿಪೇರಿಯಾಗಿ ಬಂದಾಗ ಬೆಳಕಿರುವಾಗಲೇ ಹೋಗಿ ಬಿಡಿಸಿಕೊಂಡೆ. ಬಾಗಿಲ ಸಂದುಗಳು ಎರಡೂ ಬದಿ ಒಂದೇ ಅಗಲ ಇವೆಯೇ, ಬಣ್ಣ ಕೂಡುವ ಕಡೆ ಛಾಯೆ ಬದಲಾಗಿದೆಯೇ, ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಹಗುರಾಗಿ ಹಿಡಿದರೆ ಒಂದು ಕಡೆಗೆ ಎಳೆಯುತ್ತದೆಯೇ ಎಂದು ನೋಡಿದೆ. ಚಕ್ರಗಳ ಅಲೈನ್‌ಮೆಂಟಿನ ಮುದ್ರಿತ ವರದಿ ಕೇಳಿ ಪಡೆದೆ. ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಒಂದು ಮೂಕವಾಗಿತ್ತು, ಅಲ್ಲೇ ನಿಂತು ಸರಿಮಾಡಿಸಿಕೊಂಡೆ.

ಅಷ್ಟು ಹೊತ್ತಿಗೆ ಎದುರಾಳಿಯ ವಿಮಾ ಕಂಪನಿಯಿಂದ ಒಪ್ಪಂದಪತ್ರ ಬಂದಿತ್ತು. ಕಾರು ಮತ್ತು ಚಿಕಿತ್ಸೆ ಎರಡಕ್ಕೂ ಸೇರಿಸಿ ಒಂದೇ ಮೊತ್ತ; ಕೆಳಗೆ, ಇನ್ನು ಮುಂದೆ ಈ ಅಪಘಾತದ ಬಗ್ಗೆ ಯಾವ ಹಕ್ಕೂ ಕೇಳುವುದಿಲ್ಲ ಎಂಬ ಸಾಲು. ಕಾರಿನದನ್ನು ಬೇರೆ ಮಾಡಿ ಕೊಡಿ, ಅದಕ್ಕೆ ಇಂದೇ ಸಹಿ ಹಾಕುತ್ತೇನೆ, ಗಾಯದ್ದನ್ನು ವೈದ್ಯರು ಮುಗಿಯಿತೆಂದು ಬರೆದುಕೊಟ್ಟ ಮೇಲೆ ನೋಡೋಣ ಎಂದು ಉತ್ತರಿಸಿದೆ. ಬೇಗ ಸಹಿ ಮಾಡಿದರೆ ಹಣ ಬೇಗ ಬರುತ್ತದೆ ಎಂದು ಹಲವು ಸಲ ಫೋನ್ ಬಂತು. ಕುತ್ತಿಗೆ ಎರಡೂ ಕಡೆಗೆ ಪೂರ್ತಿ ತಿರುಗುತ್ತಿದೆ, ಜೋಮಿಲ್ಲ ಎಂದು ವೈದ್ಯರು ಬರೆದ ಚೀಟಿ ಕೈಗೆ ಬಂದ ಮೇಲೆ, ವ್ಯಾಯಾಮ ಚಿಕಿತ್ಸೆಯ ಕೊನೆಯ ಬಿಲ್ಲನ್ನೂ ಸೇರಿಸಿ ಎರಡನೆಯ ಪತ್ರಕ್ಕೆ ಸಹಿ ಮಾಡಿ ಕಳಿಸಿದೆ. ಹಣ ಬಂತು. ಚಿತ್ರಗಳ ಮೂಲ ಕಡತಗಳು, ಆ ರಾತ್ರಿ ಬರೆದ ಹಾಳೆ, ಬಲ್ಬಿನ ಚೀಲ ಒಂದೇ ಪೆಟ್ಟಿಗೆಯಲ್ಲಿವೆ. ಮುಂದಿನ ಕಾರಿನವರ ಕ್ಲೇಮ್ ಇನ್ನೂ ಮುಗಿದಿಲ್ಲ, ನನ್ನ ಹೇಳಿಕೆ ಮತ್ತೆ ಬೇಕಾಗಬಹುದು ಎಂದಿದ್ದಾರೆ.